ಕಾಟಾದ ಮೇಲೆ ನಿಂತ ತೊಟ್ಟಿಲ ಗಾಡಿ

ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಬ್ಯಾಡಗಿ ಮುಟ್ಟುವ ಹೊತ್ತಿಗೆ ನಮ್ಮ ಗಾಡಿಯ ತೂಕ ಊರಿಗೆಲ್ಲ ಗೊತ್ತಾಗಿಬಿಟ್ಟಿತ್ತು. ಕೋಲ್ಡ್ ಸ್ಟೋರೇಜಿನ ಗೇಟಿನಲ್ಲೇ ಲಾರಿ, ಟ್ರ್ಯಾಕ್ಟರ್ ತೂಗುವ ವೇಬ್ರಿಜ್ ಇದೆ. ನಮ್ಮ ಕಡೆ ಅದಕ್ಕೆ ಕಾಟಾ ಅನ್ನುತ್ತಾರೆ. ಅದರ ನಟ್ಟನಡುವೆ ನಮ್ಮ ವಿದ್ಯುತ್ ಇಲಾಖೆಯ ಹೈಡ್ರಾಲಿಕ್ ಏಣಿ ಗಾಡಿ ನಿಂತುಬಿಟ್ಟಿತ್ತು. ಗುಮಾಸ್ತರ ಕಿಟಕಿಯ ಮೇಲೆ ಕೆಂಪು ದೀಪದ ಅಂಕಿಗಳು 9840 ಎಂದು ತೋರಿಸುತ್ತಿದ್ದವು. ಅದನ್ನು ನೋಡಿದವರೆಲ್ಲ ಒಮ್ಮೆ ಅಂಕಿಯನ್ನು, ಒಮ್ಮೆ ಗಾಡಿಯನ್ನು, ಆಮೇಲೆ ನನ್ನನ್ನು ನೋಡುತ್ತಿದ್ದರು.

ಆ ಗಾಡಿಗೆ ಜನ ಇಟ್ಟ ಹೆಸರು ತೊಟ್ಟಿಲ ಗಾಡಿ. ಲೈನ್‌ಮನ್ ನಿಂತು ಕಂಬದ ತುದಿಗೆ ಏರುವ ಡಬ್ಬಿ ತೊಟ್ಟಿಲಿನಂತೆ ತೂಗುತ್ತದೆ, ಅದಕ್ಕೆ. ಕೋಲ್ಡ್ ಸ್ಟೋರೇಜಿನ ಗೇಟಿನ ಕಂಬದಲ್ಲಿ ತಂತಿ ಸುಟ್ಟು ಕರೆಂಟು ಹೋಗಿತ್ತು. ಗಾಡಿ ನಸುಕಿನಲ್ಲೇ ಬಂದು, ಕೆಲಸ ಮುಗಿಸಿ, ಕರೆಂಟು ಕೊಟ್ಟು, ತಾನು ಮಾತ್ರ ಅಲ್ಲೇ ಕೂತಿತ್ತು.

ಫೋನು ಬಂದಾಗ ನಾನು ಹಾವೇರಿಯ ವರ್ಕ್‌ಶಾಪಿನಲ್ಲಿ ದೇವರ ಹಲಗೆಗೆ ಊದಿನಕಡ್ಡಿ ಹಚ್ಚುತ್ತಿದ್ದೆ. ಆ ಹಲಗೆಯ ಮೇಲೆ ಕದರಮಂಡಲಗಿ ಆಂಜನೇಯನ ಪಟ, ಪಟದ ಪಕ್ಕ ಒಂದು ಕೆಂಪು ಬಟ್ಟೆಯ ಗಂಟು. ನಿವೃತ್ತರಾದ ನಮ್ಮ ಫೋರ್‌ಮನ್ನರು ಕಟ್ಟಿಟ್ಟದ್ದು. ಈ ಗಾಡಿ ಹೊಸದಾಗಿ ಬಂದಾಗ ಪೂಜೆಗೆ ಕದರಮಂಡಲಗಿಗೇ ಒಯ್ದಿದ್ದೆವು. ಹಾಗಾಗಿ ಗಂಟಿನಲ್ಲಿರುವುದು ಹರಕೆಯ ತೆಂಗಿನಕಾಯಿ ಎಂದು ನಾವೆಲ್ಲ ತಿಳಿದಿದ್ದೆವು. ಸುತ್ತ ಧೂಳು ಒರೆಸುತ್ತಿದ್ದೆವು, ಎತ್ತುತ್ತಿರಲಿಲ್ಲ.

"ಏನಾತು?" ಎಂದು ಡ್ರೈವರನ್ನು ಕೇಳಿದೆ.

"ತೊಟ್ಟಿಲ ಇಳಿಸಿದೆ, ಜಾಕಿನ ಕಾಲು ಎತ್ತಿದೆ. ಗಾಡಿ ತಗೀಬೇಕು ಅನ್ನೂದ್ರಾಗ ಒಳಗ ಕರ್ ಅಂತು, ಎಂಜಿನ್ ನಿಂತಬಿಡ್ತು. ಆಮ್ಯಾಲೆ ಇದ್ದ ಗಾಳೀನೂ ಸೋರಿ ಹೋತ್ರಿ."

"ಕಾಟಾದ ಮ್ಯಾಲೆ ಯಾಕ ನಿಲ್ಲಿಸಿದಿ?"

"ಬಾಜೂಕ ಗಟಾರ ಐತ್ರಿ, ನೆಲ ಮೆತ್ತಗ. ಜಾಕಿನ ಕಾಲು ಹುಗೀತಾವ. ಇಲ್ಲಿ ಗಟ್ಟಿ ಐತಿ ಅಂತ ನಿಲ್ಲಿಸಿದೆ."

ಬೈಯಲು ಬಾಯಿ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅಲ್ಲೇ ನಿಲ್ಲಿಸುತ್ತಿದ್ದೆ. ಪೆಟ್ಟಿಗೆ ಹಿಡಿದು ಕಾಟಾ ಹತ್ತಿದೆ. ಅಂಕಿ 9930 ಆಯಿತು.

"ಫಿಟರ್ ಸಾಹೇಬ್ರು ಪೆಟ್ಟಿಗಿ ಸಮೇತ ತೊಂಬತ್ತು ಕಿಲೋ," ಎಂದು ಗುಮಾಸ್ತರು ಕಿಟಕಿಯಿಂದ ಹೇಳಿದರು. ಹಮಾಲರು ನಕ್ಕರು. ನನಗೂ ನಗು ಬಂತು, ಸೀನೂ ಬಂತು. ಮೆಣಸಿನಕಾಯಿಯ ಸೀಸನ್ನಿನಲ್ಲಿ ಬ್ಯಾಡಗಿಯ ಗಾಳಿಗೆ ಹೊಸಬರು ಸೀನುತ್ತಾರೆ, ಹಮಾಲರು ಸೀನುವುದಿಲ್ಲ. ಸೀನುವವರನ್ನು ನೋಡಿ ನಗುವುದು ಅವರ ಹಕ್ಕು.

ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ, ನಮ್ಮ ಗಾಡಿಯ ಬಾಲಕ್ಕೆ ತಾಗುವಂತೆ, ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನಲ್ಲಿ ನಲವತ್ತೆರಡು ಚೀಲ ಮೆಣಸಿನಕಾಯಿ. ಸ್ಟೇರಿಂಗಿನ ಹಿಂದೆ ತಲೆಗೆ ಟವೆಲ್ ಸುತ್ತಿಕೊಂಡ, ಐವತ್ತು ದಾಟಿದ ಹೆಣ್ಣುಮಗಳು. ಗುತ್ತಲದ ಆಚೆಯ ಹಳ್ಳಿಯಿಂದ ಕೋಳಿ ಕೂಗುವ ಮೊದಲೇ ತಾವೇ ಓಡಿಸಿಕೊಂಡು ಬಂದಿದ್ದರಂತೆ. ಎಲ್ಲರೂ ಅವರನ್ನು ಯಕ್ಕಾ ಅನ್ನುತ್ತಿದ್ದರು.

"ಏನಪಾ ಫಿಟರ್, ಗಾಡಿ ತಗೀತೀಯೋ, ಇಲ್ಲಾ ಇದನ್ನೂ ಒಳಗ ಥಂಡ್ಯಾಗ ಇಡ್ತೀಯೋ?"

"ತಗೀತೇನಿ ಯಕ್ಕಾ, ಸ್ವಲ್ಪ ತಾಳ್ರಿ."

"ನಾ ತಾಳ್ತೇನಿ. ಅದು ತಾಳೂದಿಲ್ಲ," ಎಂದು ಗದ್ದದಿಂದ ಪಡುವಣ ದಿಕ್ಕು ತೋರಿಸಿದರು.

ಮೋಡ ಕಟ್ಟಿತ್ತು. ಮಾಘ ಮಾಸದಲ್ಲಿ ಬರಬಾರದ ಮೋಡ. ಬ್ಯಾಡಗಿ ಕಾಯಿ ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದದ್ದು. ಒಂದು ಮಳೆ ಬಿದ್ದರೆ ಬಣ್ಣ ಕಪ್ಪಿಡುತ್ತದೆ. ತೇವ ಹಿಡಿದ ಚೀಲವನ್ನು ಕೋಲ್ಡ್ ಸ್ಟೋರೇಜಿನವರು ಒಳಗೆ ಸೇರಿಸುವುದೂ ಇಲ್ಲ. ಬೆಳಿಗ್ಗೆ ಆಕಾಶ ಸ್ವಚ್ಛವಿತ್ತೆಂದು ಯಕ್ಕ ಚೀಲಕ್ಕೆ ಹೊದಿಸುವ ತಾಡಪತ್ರಿ ತಂದಿರಲಿಲ್ಲ. ಹಿಂದೆ ಹೋಗಲು ಜಾಗವಿಲ್ಲ. ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಟ್ರೇಲರುಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಅವರ ವರ್ಷದ ಬೆಳೆ ಒಳಗೆ ಹೋಗಲು ಇದ್ದ ದಾರಿ ನಮ್ಮ ಗಾಡಿಯ ಕೆಳಗಿತ್ತು.

ಗಾಡಿಯ ಕೆಳಗೆ ತೂರಿದೆ. ಎಂಜಿನ್ನಿನ ಬದಿಗೆ ಗಾಳಿ ತುಂಬುವ ಕಂಪ್ರೆಸರ್ ಜಾಮ್ ಆಗಿತ್ತು. ಅದು ಎಂಜಿನ್ನಿನ ಗೇರಿಗೆ ಜೋಡಿಸಿದ್ದು, ಹಟ ಮಾಡಿ ಸ್ಟಾರ್ಟ್ ಮಾಡಿದರೆ ಗೇರಿನ ಹಲ್ಲು ಉದುರುತ್ತದೆ. ಅಂದರೆ ಎಂಜಿನ್ನೂ ಇಲ್ಲ, ಗಾಳಿಯೂ ಇಲ್ಲ. ಇಂಥ ಗಾಡಿಯಲ್ಲಿ ಹಿಂದಿನ ಎರಡೂ ಬದಿ ಗಾಲಿಗಳ ಹತ್ತಿರ ಸಣ್ಣ ಕೊಡದಂಥ ಬ್ರೇಕ್ ಬೂಸ್ಟರ್ ಇರುತ್ತದೆ. ಅದರೊಳಗೆ ದಪ್ಪ ಸ್ಪ್ರಿಂಗ್. ಗಾಳಿ ಇರುವ ತನಕ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ, ಗಾಳಿ ಹೋದರೆ ಹಿಗ್ಗಿ ಬ್ರೇಕನ್ನು ಕಚ್ಚುತ್ತದೆ. ಇಳಿಜಾರಿನಲ್ಲಿ ಗಾಡಿ ಉರುಳದಿರಲೆಂದು ಮಾಡಿದ ಏರ್ಪಾಡು. ಕಚ್ಚಿದ್ದನ್ನು ಬಿಡಿಸಲು ಗಾಳಿಯೇ ಬೇಕು.

ಮೊದಲು ನಾಲ್ಕೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಇಡಿಸಿದೆ. ಡ್ರೈವರು, "ಬ್ರೇಕ್ ಹಿಡದೈತಿ, ಕಲ್ಲು ಯಾಕ್ರಿ?" ಎಂದ. ನಾನು ಕಲ್ಲುಗಳನ್ನು ಒದ್ದು ನೋಡಿದೆ. ಅದಕ್ಕೆ ಉತ್ತರ ರಾಣೆಬೆನ್ನೂರಿನದು, ಮುಂದೆ ಹೇಳುತ್ತೇನೆ.

ರಸ್ತೆಯಾಚೆಯ ಪಂಕ್ಚರ್ ಅಂಗಡಿಯವರು ತಮ್ಮ ಗಾಳಿ ಯಂತ್ರವನ್ನು ತಳ್ಳುಗಾಡಿಯ ಮೇಲೆ ಹೇರಿ ತಂದುಕೊಟ್ಟರು. ನಮ್ಮ ಟ್ಯಾಂಕಿಗೆ ಪೈಪ್ ಹಚ್ಚಿದೆ. ಮೀಟರಿನ ಮುಳ್ಳು ಅರ್ಧ ಏರಿ ನಿಂತಿತು. ಎಡಗಡೆಯ ಬೂಸ್ಟರಿನಿಂದ ಬುಸ್ಸೆಂಬ ಸದ್ದು. ಒಳಗಿನ ರಬ್ಬರು ಹರಿದಿತ್ತು. ಎಡಗಡೆಗೆ ಹೋಗುವ ಪೈಪನ್ನು ಕಳಚಿ, ಬಾಯಿಗೆ ಬೋಲ್ಟು ತುರುಕಿ, ತಂತಿ ಬಿಗಿದು ಮತ್ತೆ ಗಾಳಿ ಬಿಟ್ಟೆ. ಬಲಗಡೆ ಟಕ್ ಎಂದು ಬಿಟ್ಟಿತು. ಎಡಗಡೆ ಕಚ್ಚಿದ್ದು ಕಚ್ಚಿದಂತೆಯೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅದಕ್ಕೂ ಒಂದು ಮದ್ದಿದೆ. ಬೂಸ್ಟರಿನ ಬೆನ್ನಿಗೆ ಒಂದು ರಬ್ಬರ್ ಬಿರಡೆ, ಬಿರಡೆಯ ಹಿಂದೆ ತೂತು. ತುದಿಗೆ ಎರಡು ಕಿವಿ ಇರುವ ಉದ್ದನೆಯ ಬೋಲ್ಟನ್ನು ಅದರೊಳಗೆ ಬಿಟ್ಟು ಕಾಲು ಸುತ್ತು ತಿರುಗಿಸಿದರೆ ಕಿವಿಗಳು ಒಳಗಿನ ತಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಹೊರಗೆ ನಟ್ಟು ಬಿಗಿಯುತ್ತ ಹೋದಂತೆ ಬೋಲ್ಟು ಸ್ಪ್ರಿಂಗನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಗಾಳಿ ಇಲ್ಲದೆಯೂ ಬ್ರೇಕ್ ಬಿಡುತ್ತದೆ. ಆ ಕಿವಿ ಬೋಲ್ಟನ್ನು ಇಡಲು ಬೂಸ್ಟರಿನ ಬದಿಯಲ್ಲೇ ಒಂದು ಕಿಸೆ ಇರುತ್ತದೆ. ಕಿಸೆಗೆ ಕೈ ಹಾಕಿದೆ. ಖಾಲಿ. ಬಲಗಡೆಯದೂ ಖಾಲಿ.

ಬರಿ ಖಾಲಿ ಆಗಿದ್ದರೆ ಯಾರೋ ಹೊಡೆದರು ಅನ್ನಬಹುದಿತ್ತು. ಕಿಸೆಯ ಒಳಗೆಲ್ಲ ಬೆಳ್ಳಿ ಬಣ್ಣ ಹತ್ತಿತ್ತು, ಪದರದ ಮೇಲೆ ಪದರ. ಮಹಾನವಮಿಯ ಆಯುಧ ಪೂಜೆಗೆ ವರ್ಷಾ ವರ್ಷ ಆ ಬೂಸ್ಟರುಗಳಿಗೆ ಬೆಳ್ಳಿ ಬಣ್ಣ ಬಳಿಯುವವನು ನಾನೇ. ಗಾಡಿ ಮದುಮಗಳ ಹಾಗೆ ಕಾಣಬೇಕು ಎಂದು ಬ್ರಷ್ಷನ್ನು ಖಾಲಿ ಕಿಸೆಯೊಳಗೂ ತೂರಿಸಿ ಬಳಿದಿದ್ದೇನೆ, ಅದು ಯಾಕೆ ಖಾಲಿ ಎಂದು ಒಂದು ವರ್ಷವೂ ಕೇಳಿಕೊಂಡಿಲ್ಲ. ಗಾಡಿಯ ಕೆಳಗೆ ಮಲಗಿದ್ದವನಿಗೆ ನಾಚಿಕೆಯಾಯಿತು.

ರಾಣೆಬೆನ್ನೂರಿನ ಮಾತು ಇಲ್ಲೇ ಹೇಳಿಬಿಡಬೇಕು. ಅದಕ್ಕೂ ಹದಿನಾರು ವರ್ಷದ ಹಿಂದೆ, ಇದೇ ಗಾಡಿ ಅಲ್ಲಿ ಏರು ರಸ್ತೆಯಲ್ಲಿ ಗಾಳಿ ಕಳೆದುಕೊಂಡು ನಿಂತಿತ್ತು. ನಾನು ಹೊಸದಾಗಿ ಸೇರಿದ ಫಿಟರ್. ಫೋರ್‌ಮನ್ನರು ಚಹಾ ಹೇಳಿ ಬರುತ್ತೇನೆಂದು ಹೋಗಿದ್ದರು. ಅವರು ಬರುವುದರೊಳಗೆ ಕೆಲಸ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂಬ ಉಮೇದು. ಎರಡೂ ಕಿವಿ ಬೋಲ್ಟು ಹಾಕಿ ಬಿಗಿದೆ. ಗಾಲಿಗೆ ಕಲ್ಲು ಇಟ್ಟಿರಲಿಲ್ಲ. ಎರಡನೆಯ ನಟ್ಟು ಬಿಗಿಯಾದದ್ದೇ ತಡ, ಗಾಡಿ ನನ್ನ ಮೈಮೇಲಿಂದ ಮೆಲ್ಲಗೆ ಹಿಂದಕ್ಕೆ ಹೊರಟಿತು. ನಾನು ಎರಡು ಗಾಲಿಗಳ ನಡುವೆ ಅಂಗಾತ ಮಲಗಿದ್ದರಿಂದ ಉಳಿದೆ. ಗಾಡಿ ಇಳಿದು ಹೋಗಿ ಮರಳಿನ ರಾಶಿಗೆ ಹೊಡೆದು ನಿಂತಿತು. ಫೋರ್‌ಮನ್ನರು ಓಡಿ ಬಂದರು. ಬೈಯಲಿಲ್ಲ. ನನ್ನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ತಮ್ಮ ಕಿಸೆಯಲ್ಲಿಟ್ಟುಕೊಂಡರು. ಚಹಾ ಕುಡಿಸಿದರು. ಕಪ್ಪು ಹಿಡಿಯಲು ನನ್ನ ಕೈ ನಿಲ್ಲುತ್ತಿರಲಿಲ್ಲ, ಬಸಿಗೆ ಸುರಿದು ಕೊಟ್ಟರು. "ಮೊದಲ ಕಲ್ಲು, ಆಮ್ಯಾಲೆ ಬೋಲ್ಟು," ಎಂದಷ್ಟೇ ಹೇಳಿದರು. ಆ ಬೋಲ್ಟುಗಳನ್ನು ಆಮೇಲೆ ನಾನು ನೋಡಿರಲಿಲ್ಲ, ನೋಡಲು ಮನಸ್ಸೂ ಇರಲಿಲ್ಲ.

ಬ್ಯಾಡಗಿಯ ಲೇಥ್ ಅಂಗಡಿಗೆ ಹೋಗಿ ಚಿತ್ರ ಬರೆದು ತೋರಿಸಿ ಒಂದು ಕಿವಿ ಬೋಲ್ಟು ಮಾಡಿಸಿದೆ. ರಾಡಿನ ತುದಿಗೆ ಎರಡು ತುಂಡು ವೆಲ್ಡ್ ಮಾಡಿ ಕೊಟ್ಟರು. ತೂತಿಗೆ ಇಳಿಯಿತು, ತಿರುಗಿತು, ಹಿಡಿಯಿತು. ನಟ್ಟು ಹತ್ತು ಸುತ್ತು ಬಿಗಿಯಿತು. ಹನ್ನೊಂದನೆಯದಕ್ಕೆ ಫಟ್ ಎಂದು ಒಂದು ಕಿವಿ ಹಾರಿತು. ಸ್ಪ್ರಿಂಗ್ ತನ್ನ ಜಾಗಕ್ಕೆ ಹೋಗಿ ಗುದ್ದಿತು, ಪಾನಾ ನನ್ನ ಬೆರಳಿನ ಗೆಣ್ಣು ಕಿತ್ತಿತು. ಹೊರಗೆ ಬಂದು ಕೈ ನೋಡಿಕೊಳ್ಳುವ ಭರದಲ್ಲಿ ಕಣ್ಣು ಉಜ್ಜಿಕೊಂಡೆ.

"ಬ್ಯಾಡಗಿಗೆ ಬಂದಾಂವ ಕಣ್ಣ ಉಜ್ಜಬಾರದೋ ತಮ್ಮಾ," ಎಂದು ಯಕ್ಕ ಟ್ರ್ಯಾಕ್ಟರಿನಿಂದ ಇಳಿದು ಬಂದು ತಮ್ಮ ಬಾಟಲಿಯ ನೀರು ಸುರಿದರು. ಕಣ್ಣಿಗೆ ನೀರು ಹಾಕುತ್ತಲೇ, "ಖರೇ ಹೇಳು, ಆಗ್ತೈತೋ ಇಲ್ಲೋ? ಆಗೂದಿಲ್ಲ ಅಂದ್ರ ಚೀಲ ಇಳಿಸಿ ಯಾರದರ ಕಟ್ಟಿ ಮ್ಯಾಲೆ ಒಟ್ಟಿಸ್ತೇನಿ," ಎಂದರು. ಅಲ್ಲಿ ನಲವತ್ತೆರಡು ಚೀಲ ಹಿಡಿಸುವ ಕಟ್ಟೆ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಒಂದು ಜೆಸಿಬಿ ಬಂದು ಕಾಟಾದ ಮುಂದೆ ನಿಂತಿತು. ಯಾರು ಕರೆಸಿದರೋ ತಿಳಿಯದು. "ಸರಪಳಿ ಹಾಕ್ರಿ, ಒಂದು ಜಗ್ಗಿಗೆ ತಗೀತೇನಿ," ಎಂದ ಅದರ ಡ್ರೈವರು. ನನ್ನ ಮೇಲಿನ ಅಧಿಕಾರಿಯೂ ಫೋನಿನಲ್ಲಿ, "ಎಳಿಸಿಬಿಡಿ, ಎಷ್ಟು ಹೊತ್ತು ಅಂತ," ಎಂದರು. ಅಲ್ಲಿಯ ತನಕ ಗುಮಾಸ್ತರು ಒಪ್ಪಿರಲಿಲ್ಲ. ಕಾಟಾದ ಹಲಗೆ ನೆಲದ ಮೇಲೆ ಕೂತಿಲ್ಲ, ಕೆಳಗಿನ ತೂಕದ ಸೆಲ್ಲುಗಳ ಮೇಲೆ ನಿಂತಿದೆ. ಕಚ್ಚಿದ ಗಾಲಿಯನ್ನು ಅದರ ಮೇಲೆ ಉಜ್ಜುತ್ತ ಎಳೆದರೆ ಹಲಗೆ ಸರಿದು ಸೆಲ್ಲು ಒಡೆಯುತ್ತವೆ. ಆಮೇಲೆ ವಾರಗಟ್ಟಲೆ ಯಾರ ಚೀಲವೂ ತೂಗುವುದಿಲ್ಲ, ತೂಗದೆ ಒಳಗೆ ಹೋಗುವುದಿಲ್ಲ. ಆದರೆ ಜನ ಸುತ್ತುಗಟ್ಟಿದ್ದರು, ಗಾಳಿ ತಣ್ಣಗಾಗಿತ್ತು. ಗುಮಾಸ್ತರಿಗೂ ಸಾಕಾಗಿರಬೇಕು.

"ಎಳೀರಿ ಹೋಗ್ಲಿ. ಆಗೂದು ಆಗ್ಲಿ," ಎಂದುಬಿಟ್ಟರು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೂಂ ಅಂದರೆ ಮುಗಿಯಿತು, ಯಾರೂ ನನ್ನನ್ನು ಕೇಳುವವರಿರಲಿಲ್ಲ. ನಿಜ ಹೇಳಬೇಕೆಂದರೆ ಬಾಯಿಗೆ ಬಂದೂ ಬಿಟ್ಟಿತ್ತು. "ಒಂದು ಫೋನ್ ಮಾಡಿ ಹೇಳ್ತೇನಿ," ಎಂದು ಗೋಡೆಯ ಬದಿಗೆ ಹೋದೆ. ಗುತ್ತಲದಲ್ಲಿದ್ದ ಫೋರ್‌ಮನ್ನರಿಗೆ ಹಚ್ಚಿದೆ.

"ಸಾಹೇಬ್ರ, ನಾನ್ರಿ, ವರ್ಕ್‌ಶಾಪಿನ ಫಿಟರ್."

"ಗೊತ್ತಾತು ಹೇಳು. ಮೂರು ತಿಂಗಳಿಂದ ಸುದ್ದಿಲ್ಲ, ಇವತ್ತ ನೆನಪಾತಂದ್ರ ಏನರೆ ಕೆಟ್ಟಿರಬೇಕು."

"ತೊಟ್ಟಿಲ ಗಾಡಿ ಬ್ಯಾಡಗ್ಯಾಗ ನಿಂತೈತ್ರಿ. ಬ್ರೇಕ್ ಜಾಮ್."

"ಗಾಲಿಗೆ ಕಲ್ಲು ಇಟ್ಟಿ ಏನು?"

"ಇಟ್ಟೇನ್ರಿ. ನಾಕೂ ಗಾಲಿಗೆ."

"ಹಂಗಾರ ಮುಂದ ಹೇಳು."

ಹೇಳಿದೆ. ಕಿಸೆ ಖಾಲಿ ಇದ್ದದ್ದು, ಲೇಥಿನ ಬೋಲ್ಟು ಮುರಿದದ್ದು, ಜೆಸಿಬಿ ಕಾಯುತ್ತಿರುವುದು. "ಆ ಕಿವಿ ಬೋಲ್ಟು ಸ್ಟೋರಿಗೆ ಕೊಟ್ಟಿದ್ರೇನ್ರಿ?" ಎಂದು ಕೇಳಿದೆ.

ಆ ಕಡೆಯಿಂದ ಅವರ ಆ ಹಳೆಯ ಕೆಮ್ಮು ಬೆರೆತ ನಗು ಕೇಳಿಸಿತು. ವರ್ಕ್‌ಶಾಪಿನಲ್ಲಿ ಗಿರ್ಮಿಟ್ ತಿನ್ನುತ್ತ ನಗುತ್ತಿದ್ದ ಅದೇ ನಗು.

"ದಿನಾ ಮುಂಜಾನೆ ಅದಕ್ಕ ಊದಿನಕಡ್ಡಿ ಹಚ್ಚತೀಯಲ್ಲೋ ತಮ್ಮಾ."

ನನಗೆ ತಟ್ಟನೆ ತಿಳಿಯಲಿಲ್ಲ. ತಿಳಿದ ಮೇಲೆ ಗೋಡೆಗೆ ಒರಗಿಕೊಂಡೆ.

"ಸ್ಟೋರಿನಾಗ ಇಟ್ಟಿದ್ರ ನೀ ಇಸ್ಕೊಂತಿದ್ದಿ. ಗಾಡ್ಯಾಗ ಬಿಟ್ಟಿದ್ರ ಇನ್ನೊಬ್ಬ ಉಮೇದಿನಾಂವ ಹಾಕ್ತಿದ್ದ. ದೇವರ ಮುಂದ ಇಟ್ಟದ್ದನ್ನ ಯಾರೂ ಮುಟ್ಟೂದಿಲ್ಲ. ನಿನ್ನ ಕೈ ಸುದ್ದ ಆದ ಮ್ಯಾಲೆ ಬಿಚ್ಚಿ ಕೊಡಬೇಕು ಅಂತ ಮಾಡಿದ್ದೆ. ರಿಟೈರ್ ಆದ ದಿನ ಹಾರ ತುರಾಯಿ ಗದ್ದಲದಾಗ ಮರತಬಿಟ್ಟೆ. ಹೋಗು, ತರಸು. ಗಂಟು ಬಿಚ್ಚಿದಾಗ ಒಳಗಿದ್ದದ್ದನ್ನ ಎಲ್ಲಾ ತಗದ ನೋಡು."

ಬೆಣ್ಣೆ ಮನೆಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನಮ್ಮ ಕಥೆ. ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುವ ಅಕ್ಕಾರಿಗೆ ಫೋನು ಹಚ್ಚಿ, ದೇವರ ಹಲಗೆಯ ಗಂಟನ್ನು ತಮ್ಮ ಸ್ಕೂಟಿಯ ಮೇಲೆ ತಕ್ಷಣ ತರಬೇಕೆಂದು ಹೇಳಿದೆ. ಅವರು ನಾನು ಸರಿಯಾಗಿದ್ದೇನೆಯೇ ಎಂದು ಎರಡು ಸಲ ಕೇಳಿದರು.

ಹಾವೇರಿಯಿಂದ ಬರಲು ಮುಕ್ಕಾಲು ತಾಸಾದರೂ ಬೇಕು. ನಾನು ಹೋಗಿ ಮೊದಲು ಯಕ್ಕನ ಮುಂದೆ ನಿಂತೆ. ಗುಮಾಸ್ತರಿಗೆ, ಅಧಿಕಾರಿಗೆ ಆಮೇಲೆ ಹೇಳಿದರಾಯಿತು, ಕಳೆದುಕೊಳ್ಳುವವರು ಇವರು.

"ಯಕ್ಕಾ, ಈಗ ಎಳಿಸಿದ್ರ ಗಾಡಿ ಹೊರಗ ಬರತೈತಿ, ಆದ್ರ ಕಾಟಾ ಕೆಡತೈತಿ. ನಿಮ್ಮ ಚೀಲ ಒಳಗ ಹೋಗೂದಿಲ್ಲ. ಮುಕ್ಕಾಲು ತಾಸು ಕಾದ್ರ ಎರಡೂ ಉಳೀತಾವ. ಅಷ್ಟರಾಗ ಮಳಿ ಬಂದ್ರ ತಪ್ಪು ನಂದು."

ಅವರು ಮೋಡ ನೋಡಿದರು, ನನ್ನ ಬೆರಳಿನ ರಕ್ತ ನೋಡಿದರು. "ಮಳಿ ನಿನ್ನ ಮಾತು ಕೇಳಿ ಬರತೈತೇನಪಾ. ಕಾಯ್ತೇನಿ. ಆದ್ರ ಹಂಗ ಕುಂದ್ರಬ್ಯಾಡ್ರಿ, ಏನರೆ ಹೊಚ್ಚಾಕ ಕೊಡ್ರಿ."

ನಮ್ಮ ಗಾಡಿಯ ಹೈಡ್ರಾಲಿಕ್ ಹಿಡಿಕೆಗಳಿಗೆ ಹೊದಿಸುವ ತಾಡಪತ್ರಿ ಬಿಚ್ಚಿ ಕೊಟ್ಟೆ. ಹಮಾಲರು ಚೀಲಗಳಿಗೆ ಹೊದಿಸಿ ಹಗ್ಗ ಬಿಗಿದರು. ಬಾಲದ ಕಡೆ ಕೆಲವು ಚೀಲಗಳಿಗೆ ಸಾಲಲಿಲ್ಲ. ಜೆಸಿಬಿ ಗೊಣಗುತ್ತ ಹೊರಟುಹೋಯಿತು.

ಅಕ್ಕಾರು ಬಂದರು. ಸ್ಕೂಟಿಯ ಮುಂದೆ, ಕಾಲಿಡುವ ಜಾಗದಲ್ಲಿ ಗಂಟು. ಅದಕ್ಕೆ ಕಾಲು ತಾಗಬಾರದೆಂದು ದಾರಿಯುದ್ದಕ್ಕೂ ಕಾಲು ಹೊರಗೆ ಚಾಚಿಕೊಂಡೇ ಬಂದಿದ್ದರು. ಮೇಲೊಂದು ಹೂವೂ ಸಿಕ್ಕಿಸಿದ್ದರು.

"ಎಷ್ಟ ಭಾರದ ಕಾಯಿರಿ ಇದು. ನಾ ಬಿಚ್ಚಿಲ್ಲ, ಆ ಪಾಪ ನೀವ ಕಟ್ಟಿಕೊಳ್ರಿ. ಮೊದಲ ಕೈ ಮುಗೀರಿ."

ಕೈ ಮುಗಿದು ಬಿಚ್ಚಿದೆ. ಕುಂಕುಮ, ಒಣಗಿದ ಎಲೆ, ಎಣ್ಣೆ ಕಾಗದದಲ್ಲಿ ಸುತ್ತಿದ ಎರಡು ಕಿವಿ ಬೋಲ್ಟು. ಗ್ರೀಸ್ ಇನ್ನೂ ಹಸಿಯಾಗಿತ್ತು, ಒಂದು ಚುಕ್ಕೆ ತುಕ್ಕು ಇರಲಿಲ್ಲ. ಅವುಗಳ ಕೆಳಗೆ ಸಣ್ಣ ತೆಂಗಿನಕಾಯಿಯಷ್ಟು ದೊಡ್ಡ ಕರಿ ಕಲ್ಲು. ಅಕ್ಕಾರು ಅದು ಯಾವ ದೇವರೆಂದು ತಿಳಿದರೋ, ಮತ್ತೆ ಕೈ ಮುಗಿದರು. ನಾನು ಕಲ್ಲನ್ನು ಬಟ್ಟೆಯ ಸಮೇತ ಪೆಟ್ಟಿಗೆಯಲ್ಲಿಟ್ಟು ಗಾಡಿಯ ಕೆಳಗೆ ಹೋದೆ. ಕಣ್ಣು ಉರಿಯುತ್ತಿತ್ತು, ಮೆಣಸಿನಕಾಯಿಯದು ಎಂದುಕೊಂಡೆ.

ಗಾಲಿಯ ಕಲ್ಲುಗಳನ್ನು ಇನ್ನೊಮ್ಮೆ ಒದ್ದು ನೋಡಿದೆ. ಬಲಗಡೆಗೂ ಬೋಲ್ಟೇ ಹಾಕಿದೆ, ತಳ್ಳುಗಾಡಿಯ ಗಾಳಿಯನ್ನು ನಂಬಿ ಗಾಡಿ ಸಾಗಿಸುವಂತಿರಲಿಲ್ಲ. ಆಮೇಲೆ ಎಡಗಡೆ. ತೂತಿಗೆ ಬಿಟ್ಟು, ಕಾಲು ಸುತ್ತು ತಿರುಗಿಸಿ, ಎಳೆದು ಹಿಡಿತ ನೋಡಿ, ನಟ್ಟು ಬಿಗಿಯತೊಡಗಿದೆ. ಹತ್ತು, ಹನ್ನೊಂದು. ಹನ್ನೊಂದರಲ್ಲಿ ಕೈ ತಾನಾಗಿ ನಿಂತಿತು. ಉಸಿರು ಬಿಟ್ಟು ಮುಂದುವರಿಸಿದೆ. ಇಪ್ಪತ್ತು ದಾಟಿದ ಮೇಲೆ ಬೋಲ್ಟಿನ ಬಾಲ ಗೇಣುದ್ದ ಹೊರಗೆ ಬಂತು. ಬ್ರೇಕಿನ ಪಟ್ಟಿ ಡ್ರಮ್ಮಿಗೆ ಅಂಟಿಕೊಂಡಿತ್ತು, ಸುತ್ತಿಗೆಯಿಂದ ಎರಡು ಏಟು ಹಾಕಿದ ಮೇಲೆ ಬಿಟ್ಟಿತು.

ಈಗ ಬ್ರೇಕೇ ಇಲ್ಲದ ಗಾಡಿ. ಕಾಟಾದ ಹಲಗೆ ಸಪಾಟು. ಆದರೆ ಇಳಿಯುವ ಬದಿಗೆ ಇಳಿಜಾರು, ಅದರ ಬುಡದಲ್ಲಿ ಬಲಕ್ಕೆ ಖಾಲಿ ಅಂಗಳ, ನೇರಕ್ಕೆ ಕೋಲ್ಡ್ ಸ್ಟೋರೇಜಿನ ಬಾಗಿಲು. ಹಮಾಲರು ಹೆಗಲು ಕೊಟ್ಟು ತಳ್ಳಲು ಸಿದ್ಧರಾಗಿ ನಿಂತಿದ್ದರು. ತಳ್ಳಿದರೆ ಹೋಗುತ್ತದೆ, ನಿಲ್ಲಿಸುವವರು ಯಾರು? ಮುಂದಿನಿಂದ ಎಳೆದರೂ ಇಳಿಜಾರಿನಲ್ಲಿ ಎಳೆಯುವವನ ಮೇಲೇ ಏರುತ್ತದೆ. ನನಗೆ ಬೇಕಾದದ್ದು ಹಿಂದಿನಿಂದ ಹಿಡಿದುಕೊಳ್ಳುವ ಭಾರ. ತಿರುಗಿ ನೋಡಿದರೆ ಭಾರ ಅಲ್ಲೇ ನಿಂತಿತ್ತು, ನಲವತ್ತೆರಡು ಚೀಲ.

"ಯಕ್ಕಾ, ನಿಮ್ಮ ಟ್ರ್ಯಾಕ್ಟರಿನ ಮೂಗಿಗೆ ಸರಪಳಿ ಹಾಕ್ತೇನಿ. ನಮ್ಮ ಗಾಡಿ ಇಳಿಯೂ ಮುಂದ ನೀವು ಹಿಂದ ಹಿಡಕೊಂಡು ಬರಬೇಕು. ಮೊದಲನೇ ಗೇರು, ಬ್ರೇಕಿನ ಮ್ಯಾಲೆ ಕಾಲು. ಸರಪಳಿ ಸಡ್ಲ ಬಿಡಬಾರದು."

"ಎತ್ತಿನ ಹಗ್ಗ ಹಿಡದು ಇಳಕಲ ಇಳಿಸಿದಂಗ ಅನ್ನು."

"ಹಂಗ ಯಕ್ಕಾ."

"ನಮ್ಮ ಕಾಯಿ ನಿಮ್ಮ ಗಾಡಿಗೆ ಬ್ರೇಕ್ ಆತಲ್ಲ," ಎಂದು ಟವೆಲ್ ಬಿಗಿದುಕೊಂಡು ಹತ್ತಿದರು.

ಸಡಿಲು ಉಳಿಯದಂತೆ ಸರಪಳಿ ಗಿಡ್ಡ ಮಾಡಿ ಬಿಗಿದೆ. ಎಂಜಿನ್ ಇಲ್ಲದ ಸ್ಟೇರಿಂಗು ಕಲ್ಲಿನಷ್ಟು ಗಟ್ಟಿ, ಡ್ರೈವರಿನ ಜೊತೆ ಇನ್ನೊಬ್ಬ ಹಮಾಲ ಅದನ್ನು ಹಿಡಿದ. ಹಿಂದಿನ ಎರಡೂ ಗಾಲಿಗಳ ಪಕ್ಕ ಕಲ್ಲು ಹಿಡಿದು ನಡೆಯಲು ಒಬ್ಬೊಬ್ಬರನ್ನು ನಿಲ್ಲಿಸಿದೆ. ನಾನು ಮುಂದೆ, ಎಲ್ಲರಿಗೂ ಕಾಣುವಂತೆ, ಕೈ ಎತ್ತಿ ನಿಂತೆ. ಗಾಲಿಯ ಕಲ್ಲುಗಳನ್ನು ತೆಗೆಸಿದೆ. ಹಮಾಲರು ಚೀಲ ಎತ್ತುವಾಗ ಕೊಡುವ ತಮ್ಮ ಹುಯ್ಲು ಕೊಟ್ಟು ತಳ್ಳಿದರು.

ಗಾಡಿ ಅಲುಗಿತು. ಮುಂದಿನ ಗಾಲಿ ಇಳಿಜಾರಿಗೆ ಬಿದ್ದಾಗ ಸರಪಳಿ ಬಿಗಿದು ಕಿರುಗುಟ್ಟಿತು. ಯಕ್ಕ ಎದ್ದು ನಿಂತೇ ಬ್ರೇಕ್ ತುಳಿದಿದ್ದರು. ಗಾಡಿ ಎತ್ತಿನಂತೆ ಕುತ್ತಿಗೆ ಹಿಂದಕ್ಕೆ ಹಾಕಿ, ಒಂದೊಂದೇ ಅಡಿ ಇಳಿಯಿತು. ಅದು ಇಳಿದಷ್ಟೂ ಅವರ ಟ್ರ್ಯಾಕ್ಟರ್ ಕಾಟಾದ ಮೇಲೆ ಏರಿ ಬಂತು. ಇಳಿಜಾರಿನ ಬುಡದಲ್ಲಿ ಸ್ಟೇರಿಂಗನ್ನು ಬಲಕ್ಕೆ ಎಳೆಸಿ, ಗಾಡಿ ಅಂಗಳ ಮುಟ್ಟಿದ್ದೇ ಕೈ ಇಳಿಸಿದೆ. ನಾಲ್ಕೂ ಗಾಲಿಗೆ ಕಲ್ಲು ಬಿದ್ದವು. ಸರಪಳಿ ಕಳಚಿ ಹಿಂದಿರುಗಿ ನೋಡಿದರೆ ಟ್ರ್ಯಾಕ್ಟರು, ಟ್ರೇಲರು ಎರಡೂ ಹಲಗೆಯ ನಡುವೆ ಸರಿಯಾಗಿ ನಿಂತಿದ್ದವು. ಕೆಂಪು ಅಂಕಿ ಒಂದೆರಡು ಸಲ ಮಿಣುಕಿ 5210ಕ್ಕೆ ನಿಂತಿತು. ಗುಮಾಸ್ತರು ಚೀಟಿ ಹರಿದು ಕೊಟ್ಟರು. ಯಕ್ಕನ ಟ್ರೇಲರು ಬಾಗಿಲು ದಾಟುವಾಗ ದಪ್ಪ ಹನಿಗಳು ಬಿದ್ದವು. ತಾಡಪತ್ರಿ ಸಾಲದ ಬಾಲದ ಎರಡು ಚೀಲ ತೊಯ್ದು ಹೊರಗುಳಿದವು. ನಲವತ್ತು ಚೀಲ ಒಣಗಿದ್ದಂತೆಯೇ ಒಳಗೆ ಹೋದವು.

ಹೊರಡುವಾಗ ಯಕ್ಕ ನನ್ನ ಪೆಟ್ಟಿಗೆಯೊಳಗೆ ಎರಡು ಹಿಡಿ ಕಾಯಿ ಸುರಿದರು. "ಕಣ್ಣಿಗೆ ಅಲ್ಲಪಾ, ಸಾರಿಗೆ," ಎಂದರು.

ಮುಂದಿನ ಭಾನುವಾರ ಬಸ್ಸು ಹತ್ತಿ ಗುತ್ತಲಕ್ಕೆ ಹೋದೆ. ಫೋರ್‌ಮನ್ನರು ತೆಳ್ಳಗಾಗಿದ್ದರು. ಯಕ್ಕ ಕೊಟ್ಟ ಕಾಯಿಯಲ್ಲಿ ಒಂದು ಹಿಡಿ ಅವರಿಗೆ ಒಯ್ದಿದ್ದೆ. ಚಹಾವನ್ನು ಬಸಿಗೆ ಸುರಿಯುತ್ತ, "ಬೋಲ್ಟು ಎಲ್ಲಿಟ್ಟಿ?" ಎಂದರು.

"ಗಾಡಿ ಕಿಸೆದಾಗ ಇಟ್ಟೇನ್ರಿ."

ತಲೆಯಾಡಿಸಿದರು. ಬಸಿ ಎತ್ತಿಕೊಂಡು, "ಕಲ್ಲು ನೋಡಿದಿ?" ಎಂದರು.

"ನೋಡಿದೆ."

"ಅವತ್ತ ರಾಣೆಬೆನ್ನೂರಾಗ ಅದು ನಿನ್ನಿಂದ ಹತ್ತು ಹೆಜ್ಜಿ ದೂರ ಬಿದ್ದಿತ್ತು. ಬರೇ ಹತ್ತು ಹೆಜ್ಜಿ. ನಾ ಚಹಾ ಹೇಳಾಕ ಹೋಗಿರದಿದ್ರ ನಾನ ಗಾಲಿಗೆ ಇಡತಿದ್ದೆ." ಬಸಿ ಅವರ ಕೈಯಲ್ಲಿ ನಡುಗುತ್ತಿತ್ತು. ಈ ಸಲ ನಾನು ಹಿಡಿದುಕೊಂಡೆ. ಅಷ್ಟು ವರ್ಷ ಆ ತಪ್ಪು ನನ್ನೊಬ್ಬನದೇ ಎಂದು ತಿಳಿದಿದ್ದೆ. ಅವರೂ ಅದನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದರು. ಅವರ ಮುಂದೆಯೇ ಅತ್ತೆ, ನಾಚಿಕೆಯಾಗಲಿಲ್ಲ.

ಅವರು ಹೋಗಿ ಈಗ ಎರಡು ಮಳೆಗಾಲ ಆದವು. ತೊಟ್ಟಿಲ ಗಾಡಿಯನ್ನು ಇಲಾಖೆ ಹರಾಜು ಹಾಕಿತು, ಕಿವಿ ಬೋಲ್ಟುಗಳು ಕಿಸೆಯಲ್ಲೇ ಅದರ ಜೊತೆ ಹೋದವು. ನನ್ನ ನಿವೃತ್ತಿಗೆ ಇನ್ನು ಎರಡೇ ಮಹಾನವಮಿ ಬಾಕಿ. ಈ ಸಲದ ಪೂಜೆಗೆ ದೇವರ ಹಲಗೆ ತೊಳೆಯುವಾಗ ಸ್ಟೋರಿನ ಅಕ್ಕಾರು, ನಾನು ಮತ್ತೆ ಅಲ್ಲೇ ಇಟ್ಟಿದ್ದ ಕರಿ ಕಲ್ಲು ಎತ್ತಿ ಹಿಡಿದು ಕೇಳಿದರು.

"ಬೋಲ್ಟು ಹೋದವು, ಗಾಡೀನೂ ಹೋತು. ಇದನ್ನ ಯಾಕ ಇಡ್ತೀರಿ? ಹೊರಗ ಇಡ್ಲೇನು?"

"ಬ್ಯಾಡ್ರಿ ಅಕ್ಕಾರ. ಅವತ್ತ ಹತ್ತು ಹೆಜ್ಜಿ ದೂರ ಇತ್ತು. ಈಗ ಹತ್ರ ಇರ್ಲಿ."

ಅವರಿಗೆ ಏನು ತಿಳಿಯಿತೋ, ಕಲ್ಲನ್ನು ಒರೆಸಿ ಪಟದ ಪಕ್ಕ ಇಟ್ಟು, ಅದಕ್ಕೂ ಒಂದು ಚೆಂಡುಹೂವು ಏರಿಸಿದರು.